ಮೀಸೆಗಿಂತ ದೊಡ್ಡದು



"ಹೆಂಡತಿ ಮಾತು ಕೇಳುವವನೂ ಒಬ್ಬ ಗಂಡಸೇ?" ನಮ್ಮ ಊರಿನ ಜಗಲಿಗಳಲ್ಲಿ ಈ ಮಾತು ಇಂದಿಗೂ ಕೇಳಿಬರುತ್ತದೆ. ಹಾಗಾದರೆ ಗಂಡಸುತನವೆಂದರೇನು? ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಕಾಸರಗೋಡಿನ ಮಣ್ಣಿನಲ್ಲೇ ಹುಟ್ಟಿದ ಕುದ್ಮುಲ್ ರಂಗರಾಯರ ಬದುಕನ್ನು ನೆನೆದರೆ ಸಾಕು.

ರಂಗರಾಯರು ಜನಿಸಿದ್ದು 1859ರಲ್ಲಿ, ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡು ಮಂಗಳೂರು ಸೇರಿದರು. ಮೊದಲು ಅಧ್ಯಾಪಕರಾಗಿ, ಬಳಿಕ ಓದಿ ವಕೀಲರಾದರು. ಇನ್ನು ಸುಖವಾಗಿರಬಹುದಿತ್ತು. ಆದರೆ ಅವರು 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಹಸಿದ ಹೊಟ್ಟೆಗೆ ಅಕ್ಷರ ಹತ್ತದೆಂದು ಮಧ್ಯಾಹ್ನದ ಊಟವನ್ನೂ ಹಾಕಿದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ರಂಗರಾಯರು ಜಗಳಕ್ಕೂ ನಿಲ್ಲಲಿಲ್ಲ, ಹಿಡಿದ ಕೆಲಸವನ್ನೂ ಬಿಡಲಿಲ್ಲ.

ಊರಿಗೆ ಉಪದೇಶ ಹೇಳುವುದು ಸುಲಭ, ಮನೆಯೊಳಗೆ ನಡೆಯುವುದು ಕಷ್ಟ. ಅವರ ಮಗಳು ರಾಧಾಬಾಯಿ ಎಳೆಯ ವಯಸ್ಸಿನಲ್ಲೇ ವಿಧವೆಯಾದರು. ಅಂಥ ಹೆಣ್ಣುಮಕ್ಕಳ ತಲೆ ಬೋಳಿಸಿ ಮೂಲೆಗೆ ಕೂರಿಸುತ್ತಿದ್ದ ಕಾಲವದು. ತಂದೆ ಮಗಳನ್ನು ಓದಿಸಿದರು. 1912ರಲ್ಲಿ ರಾಧಾಬಾಯಿಗೂ ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರ ಪಿ. ಸುಬ್ಬರಾಯನ್ ಅವರಿಗೂ ವಿವಾಹವಾಯಿತು. ಜಾತಿ ಬೇರೆ, ಭಾಷೆಯೂ ಬೇರೆ.

ಇಲ್ಲಿ ಇನ್ನೊಬ್ಬ ಗಂಡಸನ್ನೂ ನೋಡಬೇಕು. ಸುಬ್ಬರಾಯನ್ 1926ರಲ್ಲಿ ಮದರಾಸಿನ ಮುಖ್ಯಮಂತ್ರಿಯಾದರು. ಅವರ ಪತ್ನಿ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದರು. 1938ರಲ್ಲಿ ಅಂದಿನ ಕೇಂದ್ರ ಶಾಸನಸಭೆಯ ಮೇಲ್ಮನೆಗೆ ಆಯ್ಕೆಯಾದ ಮೊದಲ ಮಹಿಳೆಯೆನಿಸಿದರು. ಹೆಂಡತಿ ಬೆಳೆದುದರಿಂದ ಗಂಡನ ಗೌರವವೇನೂ ಕುಂದಲಿಲ್ಲ. ಗಂಡಸುತನವೆಂದರೆ ಕೋವಿ, ಕತ್ತಿ ಎನ್ನುವವರು ಇದನ್ನೂ ಕೇಳಿ: ಇವರ ಮಗ ಜನರಲ್ ಪಿ. ಪಿ. ಕುಮಾರಮಂಗಲಂ 1966ರಿಂದ 1969ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು.

ರಂಗರಾಯರು 1928ರ ಜನವರಿ 30ರಂದು ತೀರಿಕೊಂಡರು. ಮಂಗಳೂರಿನ ಪುರಭವನಕ್ಕೆ ಇಂದು ಅವರದೇ ಹೆಸರಿದೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಹೆಂಡತಿಯ ಹೆಬ್ಬೆಟ್ಟು ಒತ್ತಿಸಿ, ಅವಳ ಬೀಡಿ ಕಟ್ಟಿದ ದುಡ್ಡನ್ನು ತಾನು ಎಣಿಸಿ ಜೇಬಿಗಿಳಿಸುವ ಗಂಡಸರನ್ನು ಕೌಂಟರಿನ ಈಚೆಯಿಂದ ಎಷ್ಟೋ ಬಾರಿ ನೋಡಿದ್ದೇನೆ. ನೋಟು ಕೊಟ್ಟವನೂ ನಾನೇ. "ಅಮ್ಮಾ, ದುಡ್ಡು ನೀವೇ ಎಣಿಸಿಕೊಳ್ಳಿ" ಎಂದು ಒಂದು ಮಾತು ಹೇಳಲು ನನಗೆ ಬಹಳ ವರ್ಷ ಬೇಕಾಯಿತು. ಜನ ಏನೆಂದಾರು ಎಂಬ ಅಂಜಿಕೆ.

ಆ ಅಂಜಿಕೆಯನ್ನು ರಂಗರಾಯರು ಗೆದ್ದಿದ್ದರು. ಇನ್ನೊಬ್ಬರನ್ನು ಅಂಜಿಸುವುದಲ್ಲ, ಇನ್ನೊಬ್ಬರಿಗಾಗಿ ತಾನು ಅಂಜದಿರುವುದೇ ಗಂಡಸುತನ. ಅದನ್ನು ಇಂದು ಸಂಜೆ ನಮ್ಮ ಮನೆಯಿಂದಲೇ ಆರಂಭಿಸಬಹುದು.