ಚಾಳೀಸು

ಸೂಜಿಯ ಕಣ್ಣಿಗೆ ದಾರ ಪೋಣಿಸಲಾರದೆ ಮೊಮ್ಮಗಳನ್ನು ಕೂಗುವ ಅಜ್ಜಿ, ಏಕಾದಶಿ ಎಷ್ಟು ಘಳಿಗೆಯವರೆಗೆ ಇದೆಯೆಂದು ತಿಳಿಯಲು ಪಂಚಾಂಗವನ್ನು ಬಾಗಿಲ ಬೆಳಕಿಗೆ ಹಿಡಿದು ತೋಳನ್ನು ಮೆಲ್ಲಮೆಲ್ಲನೆ ಚಾಚುತ್ತ ಹೋಗುವ ಶ್ಯಾನುಭೋಗರು, ಅಕ್ಕಿ ಆರಿಸಿಯೂ ಅದರೊಳಗಿನ ಕಲ್ಲನ್ನು ಊಟದ ಹೊತ್ತಿನಲ್ಲಿ ಹಲ್ಲಿನಿಂದಲೇ ಕಂಡುಹಿಡಿಯುವ ಗೃಹಿಣಿ, ಇವರೆಲ್ಲರ ಸ್ಥಿತಿಗೂ ನಮ್ಮ ಜನ ಇಟ್ಟುಕೊಂಡಿರುವ ಹೆಸರು ಒಂದೇ: ಚಾಳೀಸು. 'ಅವರಿಗೆ ಚಾಳೀಸು ಬಂತು' ಎಂದರೆ ಕಣ್ಣಿಗೆ ಬಂದ ಮಬ್ಬೂ ಆಯಿತು, 'ಚಾಳೀಸು ಎಲ್ಲಿಟ್ಟೆ?' ಎಂದರೆ ಆ ಮಬ್ಬನ್ನು ಕಳೆಯುವ ಕನ್ನಡಕವೂ ಆಯಿತು. ರೋಗಕ್ಕೂ ಮದ್ದಿಗೂ ಒಂದೇ ಹೆಸರನ್ನಿಟ್ಟು, ಅದರೊಳಗೆ ರೋಗಿಯ ವಯಸ್ಸನ್ನೂ ಸೇರಿಸಿಬಿಟ್ಟಿರುವ ಇಂತಹ ಮಿತವ್ಯಯದ ಶಬ್ದ ಮತ್ತೊಂದು ನನಗೆ ತೋರಲಿಲ್ಲ.

ಚಾಳೀಸೆಂದರೆ ಹಿಂದೂಸ್ತಾನಿಯಲ್ಲಿ ನಾಲ್ವತ್ತು. ಮರಾಠಿಯವರ ಚಾಳಿಶಿಯೂ ಇದೇ ಅರ್ಥದ್ದು. ತೆಲುಗರು ಸಂಸ್ಕೃತದ ಕಡೆಗೆ ತಿರುಗಿ ಚತ್ವಾರವೆಂದರು. ಎಣಿಕೆ ಮಾತ್ರ ಬದಲಾಗಲಿಲ್ಲ. ತಮಿಳರೂ ಮಲೆಯಾಳಿಗಳೂ ವಯಸ್ಸಿನ ಗೊಡವೆಗೆ ಹೋಗದೆ ಕಣ್ಣಿಗೆ ಕಂಡುದನ್ನೇ ಹೇಳಿ, ಓಲೆಯ ಮೇಲಿನ ಅಕ್ಷರವು ಬಿಳಿಚಿ ಹೋಯಿತೆಂಬ ಭಾವದಲ್ಲಿ 'ಬಿಳಿಯ ಬರಹ' ಎಂಬರ್ಥದ ಮಾತನ್ನು ಕಟ್ಟಿಕೊಂಡರು. ಯೂರೋಪಿನ ವೈದ್ಯರಾದರೋ ಗ್ರೀಕ್ ಭಾಷೆಯಿಂದ ಮುದುಕನೆಂಬ ಶಬ್ದವನ್ನು ಎರವಲು ತಂದು, ಇದು ಮುದುಕರ ಕಣ್ಣೆಂದು ಸಾರಿಬಿಟ್ಟರು. ನಾಲ್ವತ್ತು ತುಂಬಿದವನನ್ನು ಮುದುಕನೆಂದು ಕರೆಯುವುದಕ್ಕಿಂತ ಅವನಿಗೆ ನಾಲ್ವತ್ತು ತುಂಬಿತೆಂದು ಹೇಳಿ ಸುಮ್ಮನಾಗುವುದು ಹೆಚ್ಚು ಮರ್ಯಾದೆಯ ನಡವಳಿಕೆಯೆಂದು ನನಗನ್ನಿಸುತ್ತದೆ.

ಹಾಗಾದರೆ ನಾಲ್ವತ್ತನೆಯ ವರ್ಷದಲ್ಲಿ ಕಣ್ಣಿನೊಳಗೆ ಏನು ಸಂಭವಿಸುತ್ತದೆ? ವಿಶೇಷವಾಗಿ ಏನೂ ಸಂಭವಿಸುವುದಿಲ್ಲವೆಂಬುದೇ ಇದರ ಸ್ವಾರಸ್ಯ. ಕಣ್ಣಿನ ಪಾಪೆಯ ಹಿಂದೆ ಸೂಕ್ಷ್ಮವಾದ ತಂತುಗಳಿಂದ ತೂಗುಬಿಟ್ಟ ಮಸೂರವೊಂದುಂಟು. ಲ್ಯಾಟಿನ್ನಿನ ಲೆನ್ಸ್ ಎಂಬುದೂ ಸಂಸ್ಕೃತದ ಮಸೂರವೆಂಬುದೂ ಮೂಲತಃ ನಮ್ಮ ಅಂಗಡಿಗಳ ಚನ್ನಂಗಿ ಬೇಳೆಯೇ. ಆಕಾರವನ್ನು ನೋಡಿದವರಿಗೆ ಈ ಹೋಲಿಕೆ ಸಹಜವಾಗಿ ಹೊಳೆಯುತ್ತದೆ. ಹತ್ತಿರದ ವಸ್ತುವನ್ನು ನೋಡಬೇಕಾದಾಗ ಮಸೂರದ ಸುತ್ತಣ ಸ್ನಾಯು ಬಿಗಿಯುವುದು. ಸ್ನಾಯು ಬಿಗಿದರೆ ತಂತುಗಳು ಸಡಿಲುವುವು. ತಂತುಗಳು ಸಡಿಲಿದರೆ ಮಸೂರವು ತನ್ನ ಸ್ವಭಾವದಿಂದಲೇ ಉಬ್ಬಿಕೊಂಡು ಹತ್ತಿರದ ಬಿಂಬವನ್ನು ಸ್ಫುಟಗೊಳಿಸುವುದು. ಆದರೆ ಈ ಮಸೂರಕ್ಕೆ ರಕ್ತನಾಳಗಳಿಲ್ಲ. ತನ್ನ ಹಳೆಯ ಕಣಗಳನ್ನು ಚರ್ಮದಂತೆ ಉದುರಿಸಿಕೊಳ್ಳುವ ಉಪಾಯವೂ ಅದಕ್ಕಿಲ್ಲ. ಹೊಸ ಎಳೆಗಳು ಹೊರಗಡೆ ಸುತ್ತಿಕೊಳ್ಳುತ್ತಲೇ ಇರುವುವು, ಹಳೆಯವು ಒಳಗೆ ಒತ್ತಿಕೊಂಡು ಗಡುಸಾಗುತ್ತ ಹೋಗುವುವು. ನಾವು ತಾಯಿಯ ಗರ್ಭದಲ್ಲಿದ್ದಾಗ ರೂಪುಗೊಂಡ ತಿರುಳೇ ಎಪ್ಪತ್ತರ ವಯಸ್ಸಿನಲ್ಲಿಯೂ ಅದರ ನಡುವೆ ಕುಳಿತಿರುವುದು. ಹತ್ತು ವರ್ಷದ ಬಾಲಕನು ಸುಮಾರು 7 ಸೆಂಟಿಮೀಟರು ದೂರದ ಅಕ್ಷರವನ್ನು ನಿಚ್ಚಳವಾಗಿ ಕಾಣಬಲ್ಲನು. ನಾಲ್ವತ್ತರ ಹೊತ್ತಿಗೆ ಆ ಸಮೀಪಬಿಂದುವು 22 ಸೆಂಟಿಮೀಟರಿನಷ್ಟು ಆಚೆಗೆ ಸರಿದಿರುತ್ತದೆ, ಅರುವತ್ತಕ್ಕೆ ಒಂದು ಮೀಟರಿನ ಸುಮಾರಿಗೆ. ಅಂದರೆ ಈ ಮುಪ್ಪು ಬಾಲ್ಯದಲ್ಲಿಯೇ ಹೊರಟು ದಿನವೂ ಒಂದಿಷ್ಟು ದಾರಿ ನಡೆದಿರುತ್ತದೆ. ಮಡಿಲಲ್ಲಿಟ್ಟ ಪುಸ್ತಕವನ್ನು ಅದು ದಾಟಿದ ದಿನ ನಮಗೆ ಸುದ್ದಿ ತಿಳಿಯುತ್ತದೆ. ನಾಲ್ವತ್ತೆಂಬ ಗಡಿಯನ್ನು ಹಾಕಿದುದರಲ್ಲಿ ಕಣ್ಣಿನ ಪಾಲೆಷ್ಟೋ ತೋಳಿನ ಉದ್ದದ ಪಾಲೂ ಅಕ್ಷರದ ಗಾತ್ರದ ಪಾಲೂ ಅಷ್ಟೇ.

ಗಾಜಿನ ನೆರವಿಲ್ಲದ ಕಾಲದ ಪಂಡಿತರು ಈ ಸಂಕಟವನ್ನು ಹೇಗೆ ಸಹಿಸಿದರೆಂಬುದನ್ನು ಊಹಿಸುವುದು ಕಷ್ಟವಲ್ಲ. ಸುಶ್ರುತನು ಕಣ್ಣಿನ ಬೇನೆಗಳನ್ನು 76 ಎಂದು ಎಣಿಸಿ, ಇದೇ ಮಸೂರವು ಇನ್ನಷ್ಟು ಮಾಗಿ ಪೊರೆಯಾದಾಗ ಅದನ್ನು ಶಲಾಕೆಯಿಂದ ಸರಿಸುವ ವಿಧಾನವನ್ನು ಹೇಳಿದನು. ಆದರೆ ಪೊರೆ ಬರುವುದಕ್ಕೆ ಮುಂಚಿನ ಇಪ್ಪತ್ತು ಮೂವತ್ತು ವರ್ಷಗಳನ್ನು ಓದುಗನು ಹೇಗಾದರೂ ಕಳೆಯಬೇಕಷ್ಟೆ! ತಾಳೆಗರಿಯ ಮೇಲೆ ಕಂಠವೆಂಬ ಕಬ್ಬಿಣದ ಲೇಖನಿಯಿಂದ ಕೊರೆದು ಮಸಿ ತೀಡಿದ ಸಣ್ಣಕ್ಷರಗಳನ್ನು ದೀಪದ ಬೆಳಕಿನಲ್ಲಿ ಬಿಡಿಸುವುದು ಇಪ್ಪತ್ತರ ಕಣ್ಣಿಗೇ ಶ್ರಮ. ಗ್ರಂಥವನ್ನು ಮುಗಿಸಿದ ಲಿಪಿಕಾರರು ಬೆನ್ನು ಕತ್ತುಗಳ ನೋವಿನೊಡನೆ ದೃಷ್ಟಿಯ ಬಳಲಿಕೆಯನ್ನೂ ತೋಡಿಕೊಂಡು, ಇಷ್ಟು ಕಷ್ಟದಿಂದ ಬರೆದುದನ್ನು ಕಾಪಾಡಿರೆಂದು ಬೇಡುತ್ತಿದ್ದ ವಾಡಿಕೆ ನಮ್ಮ ಹಸ್ತಪ್ರತಿಗಳಲ್ಲಿ ಪ್ರಸಿದ್ಧವಾದುದು. ಕಂಠಪಾಠಕ್ಕೆ ನಮ್ಮವರು ಕೊಟ್ಟ ಗೌರವದಲ್ಲಿ ಧರ್ಮಶ್ರದ್ಧೆಯ ಜತೆಗೆ ಈ ಚಾಳೀಸಿನ ಪಾಲೂ ಒಂದಿಷ್ಟಿತ್ತೆಂದು ನಾನು ನಂಬಿದ್ದೇನೆ. ನಾಲ್ವತ್ತರೊಳಗೆ ಬಾಯಿಗೆ ಬಾರದ ಶಾಸ್ತ್ರವು ಅದರ ಮೇಲೆ ಶಿಷ್ಯನ ಬಾಯಿಂದಲೇ ಕಿವಿಗೆ ಬೀಳಬೇಕಾಗಿತ್ತು.

ಕನ್ನಡಕದ ಹುಟ್ಟೂರು ಇಟಲಿ. 1306ರ ಫೆಬ್ರವರಿ 23ರಂದು ಫ್ಲಾರೆನ್ಸಿನಲ್ಲಿ ಧರ್ಮೋಪದೇಶ ಮಾಡುತ್ತಿದ್ದ ಪೀಸಾ ನಗರದ ಜೋರ್ದಾನೋ ಎಂಬ ಸಂನ್ಯಾಸಿಯು, ಚೆನ್ನಾಗಿ ಕಾಣಿಸುವ ಕನ್ನಡಕವನ್ನು ಮಾಡುವ ಕಲೆ ಹುಟ್ಟಿ ಇನ್ನೂ ಇಪ್ಪತ್ತು ವರ್ಷವಾಗಿಲ್ಲವೆಂದೂ ಅದನ್ನು ಮೊದಲು ಮಾಡಿದವನನ್ನು ತಾನೇ ಕಂಡು ಮಾತನಾಡಿದ್ದೆನೆಂದೂ ಹೇಳಿದನು. ಆ ಮಹನೀಯನ ಹೆಸರನ್ನು ಮಾತ್ರ ಹೇಳಲಿಲ್ಲ. ಅದೇ ಪೀಸಾದ ಮಠದಲ್ಲಿದ್ದ ಅಲೆಸ್ಸಾಂಡ್ರೋ ದೆಲ್ಲ ಸ್ಪೀನ ಎಂಬ ಇನ್ನೊಬ್ಬ ಸಂನ್ಯಾಸಿಯು, ಯಾರೋ ಮಾಡಿ ಗುಟ್ಟಾಗಿಟ್ಟುಕೊಂಡಿದ್ದ ಈ ಉಪಕರಣವನ್ನು ತಾನೂ ಮಾಡಿ, ಸಂತೋಷದಿಂದ ಎಲ್ಲರಿಗೂ ಹಂಚಿದನೆಂದು ಅವನ ಮಠದ ವೃತ್ತಾಂತವು ಹೇಳುತ್ತದೆ. ಮೊದಲು ಕಂಡವನು ಬಚ್ಚಿಟ್ಟನು, ಎರಡನೆಯವನು ಬಿಚ್ಚಿಟ್ಟನು. ಹೆಸರು ಉಳಿದುದು ಎರಡನೆಯವನದು. ಕಿವಿಗೆ ಸಿಕ್ಕಿಸುವ ಕಡ್ಡಿಗಳು ಬರಲು ಇನ್ನೂ ನಾಲ್ಕು ಶತಮಾನಗಳು ಬೇಕಾಗಿದ್ದುವು. ಆಗಿನದು ಮೂಗಿನ ಮೇಲೆ ಕೈಯಿಂದ ಹಿಡಿದುಕೊಳ್ಳುವ ಜೋಡಿಗಾಜು. ಕವಿ ಪೆತ್ರಾರ್ಕನು ಮುಂದಿನವರಿಗೆಂದು ಬರೆದಿಟ್ಟ ಪತ್ರದಲ್ಲಿ, ಬಹುಕಾಲ ತೀಕ್ಷ್ಣವಾಗಿದ್ದ ತನ್ನ ದೃಷ್ಟಿಯು ಅರುವತ್ತು ದಾಟಿದ ಮೇಲೆ ಕೈಕೊಟ್ಟು, ಮನಸ್ಸಿಲ್ಲದ ಮನಸ್ಸಿನಿಂದ ಗಾಜಿಗೆ ಶರಣಾಗಬೇಕಾಯಿತೆಂದು ಹೇಳಿಕೊಂಡಿದ್ದಾನೆ. ಅರುವತ್ತರವರೆಗೆ ತಡೆದುಕೊಂಡವನಿಗೆ ಹತ್ತಿರದೃಷ್ಟಿಯ ದೋಷವೇನಾದರೂ ಇದ್ದಿರಬೇಕೆಂದು ಇಂದಿನ ಕಣ್ಣಿನ ವೈದ್ಯರು ಗುಮಾನಿಪಟ್ಟಾರು. ಏಕೆಂದರೆ ದೂರವು ಮಬ್ಬಾಗಿರುವ ಕಣ್ಣಿಗೆ ಹತ್ತಿರವು ಬಹುಕಾಲ ಉಳಿದುಬರುವುದುಂಟು.

ಚಾಳೀಸೆಂಬ ನಮ್ಮ ಶಬ್ದಕ್ಕೆ ಹತ್ತಿರದ ನಂಟನನ್ನು ನಾನು ಕಂಡದ್ದು ಫ್ಲಾರೆನ್ಸಿನ ಅಂಗಡಿಗಳ ಚರಿತ್ರೆಯಲ್ಲಿ. 1462ರಲ್ಲಿ ಮಿಲಾನಿನ ಅರಸು ಫ್ರಾಂಚೆಸ್ಕೋ ಸ್ಫೋರ್ಜನು ಅಲ್ಲಿಂದ ಮೂರು ಡಜನ್ ಕನ್ನಡಕಗಳನ್ನು ತರಿಸುವಾಗ, ಒಂದು ಡಜನ್ ದೂರ ನೋಡಬೇಕಾದ ಎಳೆಯರಿಗೆ, ಒಂದು ಡಜನ್ ಹತ್ತಿರ ನೋಡಬೇಕಾದ ಹಿರಿಯರಿಗೆ, ಇನ್ನೊಂದು ಸಾಧಾರಣ ದೃಷ್ಟಿಯವರಿಗೆ ಎಂದು ವಿಂಗಡಿಸಿ ಕೇಳಿದನು. ನಾಲ್ಕು ವರ್ಷಗಳಾದ ಮೇಲೆ ಅವನ ಮಗನು ಇನ್ನೂ ದೊಡ್ಡ ಬೇಡಿಕೆಯನ್ನು ಕಳುಹಿಸಿದಾಗ ಹಿರಿಯರ ಗಾಜುಗಳು ಮೂವತ್ತರಿಂದ ಎಪ್ಪತ್ತರವರೆಗೆ ಐದೈದು ವರ್ಷಗಳ ಮೆಟ್ಟಿಲುಗಳಾಗಿ ಒಡೆದಿದ್ದುವು. ಗಾಜಿಗೆ ಬೇರೆ ಅಳತೆಯಿರಲಿಲ್ಲ, ಕೊಳ್ಳುವವನ ವಯಸ್ಸೇ ಅಳತೆ. ಈ ವಾಡಿಕೆ ಹಡಗುಗಳನ್ನೇರಿ ನಮ್ಮ ಕರಾವಳಿಗೆ ಬಂದು ಮರಾಠಿ ಕನ್ನಡಗಳ ಬಾಯಿಗೆ ಸೇರಿತೆಂದು ವಾದಿಸುವ ಧೈರ್ಯ ನನಗಿಲ್ಲ. ಕಣ್ಣಿನ ಧರ್ಮವು ಅಲ್ಲಿಯೂ ಇಲ್ಲಿಯೂ ಒಂದೇ ಆಗಿರುವಾಗ, ಬೇರೆಬೇರೆಯಾಗಿಯೇ ಒಂದೇ ಯೋಚನೆ ಹೊಳೆದಿರುವುದು ಅಸಂಭವವೇನಲ್ಲ.

ಕನ್ನಡಕವು ನಮ್ಮ ನಾಡಿಗೆ ಬಂದ ಕಥೆಯಲ್ಲಿ ವಿಜಯನಗರದ ಹೆಸರು ಬರುತ್ತದೆಂಬುದು ಕನ್ನಡಿಗರಲ್ಲಿ ಹಲವರಿಗೆ ಹೊಸ ಸಂಗತಿಯಾದೀತು. ಬನ್ನೂರಿನಲ್ಲಿ ಹುಟ್ಟಿ, ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಓದಿ, ಕೃಷ್ಣದೇವರಾಯನಿಂದ ಪೂಜಿತರಾದ ವ್ಯಾಸರಾಯರ ಜೀವನವನ್ನು ಅವರ ಸಮಕಾಲೀನನಾದ ಸೋಮನಾಥಕವಿಯು 'ವ್ಯಾಸಯೋಗಿಚರಿತ' ಎಂಬ ಸಂಸ್ಕೃತ ಚಂಪುವಿನಲ್ಲಿ ವರ್ಣಿಸಿದ್ದಾನೆ. ಆ ಕೃತಿಯೊಳಗೆ, ಇಳಿವಯಸ್ಸಿನ ಯತಿಗಳು ಕಣ್ಣಿಗೆ ನೆರವೀಯುವ ಗೋಲಕವನ್ನು ಬಳಸಿ ಗ್ರಂಥಾವಲೋಕನ ಮಾಡುತ್ತಿದ್ದರೆಂಬ ಉಲ್ಲೇಖವುಂಟು. ಪುಣೆಯ ಭಂಡಾರ್ಕರ್ ಸಂಶೋಧನಮಂದಿರದ ಪಿ. ಕೆ. ಗೋಡೆಯವರು ಇದನ್ನು ಎತ್ತಿ ತೋರಿಸಿ, ಭಾರತದಲ್ಲಿ ಕನ್ನಡಕದ ಬಳಕೆಗೆ ದೊರೆತ ಬಹು ಹಳೆಯ ಸಾಕ್ಷ್ಯಗಳಲ್ಲಿ ಒಂದೆಂದು ಎಣಿಸಿದರು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರಿಗೂ ವಿಜಯನಗರಕ್ಕೂ ಕುದುರೆಯ ವ್ಯಾಪಾರ ನಡೆಯುತ್ತಿದ್ದುದು ಎಲ್ಲರಿಗೂ ತಿಳಿದುದೇ. ಅರಬ್ಬೀ ಕುದುರೆಗಳು ಬಂದ ದಾರಿಯಲ್ಲಿಯೇ ಈ ಜೋಡಿಗಾಜೂ ಬಂದಿತೆಂದು ಊಹಿಸುವುದು ಯುಕ್ತವಾಗಿಯೇ ಇದೆ. 'ನ್ಯಾಯಾಮೃತ', 'ತರ್ಕತಾಂಡವ'ಗಳಂತಹ ಕರ್ಕಶ ಗ್ರಂಥಗಳನ್ನು ರಚಿಸಿದ ಮಹಾಪಂಡಿತರು ದೂರದೇಶದ ಮ್ಲೇಚ್ಛರ ಗಾಜನ್ನು ಮೂಗಿನ ಮೇಲಿಟ್ಟುಕೊಳ್ಳಲು ಮಡಿಯ ಆಕ್ಷೇಪವನ್ನು ಒಡ್ಡಲಿಲ್ಲವೆಂಬುದನ್ನು ನೆನೆದಾಗ ನನ್ನ ಗೌರವ ಇಮ್ಮಡಿಸುತ್ತದೆ. ಓದುವ ಹಸಿವು ಮಡಿಗಿಂತ ದೊಡ್ಡದು.

ಅದೇ ಶತಮಾನದಲ್ಲಿ ಮೊಗಲರ ಆಸ್ಥಾನದ ಮೀರ್ ಸಯ್ಯದ್ ಅಲಿಯು ತನ್ನ ವೃದ್ಧ ತಂದೆ ಮೀರ್ ಮುಸವ್ವಿರನ ಚಿತ್ರವನ್ನು ಬರೆದಾಗ ಕನ್ನಡಕವನ್ನು ಬಿಡದೆ ಬರೆದನು. ತಂದೆಯೂ ಚಿತ್ರಕಾರನೇ, ಕೂದಲೆಳೆಯಷ್ಟು ಸಣ್ಣ ಗೆರೆಯೆಳೆಯುವ ವೃತ್ತಿಯವನು. ದಕ್ಷಿಣದಲ್ಲಿ ತಂಜಾವೂರಿನ ಸಮೀಪದ ವಲ್ಲಂ ಎಂಬಲ್ಲಿ ದೊರೆಯುವ ಸ್ಫಟಿಕಶಿಲೆಯನ್ನು ಉಜ್ಜಿ ಕನ್ನಡಕ ಮಾಡುವ ಕಸಬೊಂದು ಬೆಳೆಯಿತು. ಆದರೂ ಇವೆಲ್ಲ ಪಂಡಿತರ, ಶ್ರೀಮಂತರ ಸೊತ್ತು. ಮಂಗಳೂರಿನ ಬಾಸೆಲ್ ಮಿಷನ್ನಿನಿಂದ 1843ರಲ್ಲಿ 'ಮಂಗಳೂರ ಸಮಾಚಾರ'ವು ಹೊರಟ ಕಾಲದಿಂದ ಮುದ್ರಿತ ಅಕ್ಷರವು ಮನೆಮನೆಗೆ ಹೊಕ್ಕು, ಪಂಚಾಂಗವೂ ರಾಮಾಯಣವೂ ನ್ಯಾಯಾಲಯದ ಕಾಗದವೂ ಅಚ್ಚಾಗಿ ಬರತೊಡಗಿದ ಮೇಲೆಯೇ ನಮ್ಮ ಹಳ್ಳಿಗಳಲ್ಲಿ ಚಾಳೀಸು ಮನೆಮಾತಾಯಿತೆಂದು ನನ್ನ ತರ್ಕ. ಎತ್ತನ್ನೂ ಮೋಡವನ್ನೂ ನೋಡಿಕೊಂಡಿದ್ದ ರೈತನಿಗೆ ಸಮೀಪಬಿಂದು ಎಲ್ಲಿಗೆ ಸರಿದರೇನು?

ವಿಜ್ಞಾನವು ಈ ಅಂಗಡಿಯವರ ಜ್ಞಾನವನ್ನು ಹಿಂಬಾಲಿಸಿ ಬಹಳ ನಿಧಾನವಾಗಿ ಬಂದಿತು. ಕನ್ನಡಕ ಹುಟ್ಟಿ ಮುನ್ನೂರು ವರ್ಷಗಳಾದ ಮೇಲೆ, 1604ರಲ್ಲಿ, ಬಿಂಬವು ಬೀಳುವುದು ಕಣ್ಣಿನ ಹಿಂಬದಿಯ ಪರದೆಯ ಮೇಲೆಂದು ಕೆಪ್ಲರನು ತೋರಿಸಿದನು. ಹತ್ತಿರಕ್ಕೆ ಹೊಂದಿಕೊಳ್ಳುವುದು ಮಸೂರವೇ ಎಂದು 1801ರಲ್ಲಿ ಥಾಮಸ್ ಯಂಗನು ತನ್ನ ಕಣ್ಣಿನ ಮೇಲೆಯೇ ಪ್ರಯೋಗ ನಡೆಸಿ ಸಾಧಿಸಿದನು. ಹೊಂದಿಕೊಳ್ಳುವ ರೀತಿಯನ್ನು 1855ರಲ್ಲಿ ಹೆಲ್ಮ್‌ಹೋಲ್ಟ್ಸನು ವಿವರಿಸಿದನು. 1864ರಲ್ಲಿ ತನ್ನ ಮಹಾಗ್ರಂಥವನ್ನು ಪ್ರಕಟಿಸಿದ ಹಾಲೆಂಡಿನ ಡೊಂಡರ್ಸನು, ಯಾವ ವಯಸ್ಸಿಗೆ ಎಷ್ಟು ಶಕ್ತಿ ಉಳಿದಿರುತ್ತದೆಂದು ಅಳೆದು, ಸಮೀಪಬಿಂದುವು ಎಂಟು ಅಂಗುಲವನ್ನು ದಾಟಿದಲ್ಲಿಂದ ಈ ಸ್ಥಿತಿ ಆರಂಭವಾಯಿತೆಂದು ಎಣಿಸೋಣವೆಂದನು. ಆ ಎಂಟು ಅಂಗುಲ ಬೀಳುವುದು ನಾಲ್ವತ್ತನೆಯ ವಯಸ್ಸಿನ ಆಸುಪಾಸಿನಲ್ಲಿಯೇ! 1872ರಲ್ಲಿ ಮೊನ್ವಾಯೆ ಎಂಬ ಫ್ರೆಂಚ್ ವೈದ್ಯನು ಡಯಾಪ್ಟರ್ ಎಂಬ ಮಾನವನ್ನು ಸೂಚಿಸಿದ ಮೇಲೆ ಗಾಜು ಮನುಷ್ಯನ ವಯಸ್ಸಿನಿಂದ ಬಿಡುಗಡೆ ಪಡೆಯಿತು. ಬಿಡುಗಡೆ ಪೂರ್ತಿಯಾಗಲಿಲ್ಲವೆನ್ನಿ, ಪೇಟೆಯಲ್ಲಿ ಸಿದ್ಧ ಕನ್ನಡಕ ಮಾರುವವನು ಇಂದಿಗೂ ಮೊದಲು ಕೇಳುವುದು 'ತಮಗೆ ವಯಸ್ಸೆಷ್ಟು, ಸ್ವಾಮಿ?' ಎಂದೇ.

ಇಷ್ಟು ಅಗ್ಗದ, ಇಷ್ಟು ಹಳೆಯ ಉಪಾಯವು ಎಲ್ಲರ ಕೈಗೂ ಸೇರಿದೆಯೆಂದು ತಿಳಿದರೆ ತಪ್ಪಾದೀತು. ಈ ನ್ಯೂನತೆಗೆ ಪರಿಹಾರ ದೊರೆಯದವರು ಜಗತ್ತಿನಲ್ಲಿ 82 ಕೋಟಿಗೂ ಮಿಕ್ಕಿ ಇರುವರೆಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿ ಹೇಳಿತು. ಅಸ್ಸಾಮಿನ ಚಹದ ತೋಟಗಳಲ್ಲಿ ನಾಲ್ವತ್ತು ದಾಟಿದ 751 ಮಂದಿ ಎಲೆ ಕೀಳುವವರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಮಾತ್ರ ಕನ್ನಡಕ ಕೊಟ್ಟು ಪರೀಕ್ಷಿಸಿದಾಗ, ಪಡೆದವರ ದಿನದ ಕೊಯ್ಲು ಮಿಕ್ಕವರದಕ್ಕಿಂತ ಸುಮಾರು 5 ಕಿಲೋ ಹೆಚ್ಚಿತೆಂದು 2018ರಲ್ಲಿ ಪ್ರಕಟವಾಯಿತು. ಅಕ್ಷರವಿಲ್ಲದವರಿಗೆ ಚಾಳೀಸಿನ ಬಾಧೆಯಿಲ್ಲವೆಂಬಂತೆ ಮೇಲೆ ನಾನಾಡಿದ ಮಾತನ್ನು ಇಷ್ಟರಮಟ್ಟಿಗೆ ಹಿಂತೆಗೆದುಕೊಳ್ಳಬೇಕು. ಎರಡೆಲೆ ಒಂದು ಮೊಗ್ಗೂ ಒಂದು ಬಗೆಯ ಅಕ್ಷರವೇ.

ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜನ ಚಾಳೀಸೊಂದು ಇತ್ತು. ಹಿತ್ತಾಳೆಯ ಕಟ್ಟು, ಒಂದು ಕಡ್ಡಿ ಮುರಿದು ಅದರ ಬದಲು ಜನಿವಾರದ ನೂಲು. ಬಾಲ್ಯದಲ್ಲಿ ಅದನ್ನು ಹಾಕಿಕೊಂಡು ಕುಣಿದರೆ ಮನೆಯ ಕಂಬಗಳು ಕರಗಿ ನೀರಾಗುತ್ತಿದ್ದುವು, ಗದರಿಸಿಕೊಂಡು ತೆಗೆದಿಡುತ್ತಿದ್ದೆನು. ನನಗೆ ನಾಲ್ವತ್ತೊಂಬತ್ತಾಗಿದ್ದಾಗ, ನನ್ನ ಕನ್ನಡಕ ಒಡೆದ ಒಂದು ರಾತ್ರಿ, ಬೇರೆ ದಾರಿಯಿಲ್ಲದೆ ಅದನ್ನು ತೆಗೆದು ಮೂಗಿಗೇರಿಸಿದೆನು. ಅದರ ಕೆಳಗೇ ಇದ್ದ ಪಂಚಾಂಗದ ಅಂಚಿನಲ್ಲಿ ಅಜ್ಜನು ಪೆನ್ಸಿಲಿನಿಂದ ಬರೆದಿಟ್ಟ ರಾಗಿಯ ಲೆಕ್ಕ ಅಕ್ಷರ ಅಕ್ಷರವಾಗಿ ಸ್ಫುಟವಾಯಿತು. ಆ ಚಾಳೀಸನ್ನು ಕೊಂಡಾಗ ಅವರ ವಯಸ್ಸು ನನ್ನಷ್ಟೇ ಇದ್ದಿರಬೇಕು. ಈಚೆಗೆ ಮತ್ತೊಮ್ಮೆ ಹಾಕಿ ನೋಡಿದೆನು, ಲೆಕ್ಕ ಮಸುಕಾಗಿತ್ತು. ಪುಸ್ತಕವನ್ನು ಒಂದು ಗೇಣು ಹಿಂದಕ್ಕೆ ಹಿಡಿದೆನು.