ಪಾಠಕ್ಕೆ ಮೊದಲು ಅನ್ನ: ವಾಟರ್‌ಫರ್ಡಿನ ಒಂದು ಶಾಲೆಯ ಚರಿತ್ರೆ

ಶೂರ್ ನದಿಯ ದಂಡೆಯ ಈ ಊರಿಗೆ ಬಂದು ನೆಲೆಸುವ ನಮ್ಮ ಕನ್ನಡ ಕುಟುಂಬಗಳಿಗೆ ಮನೆ ದೊರೆತ ಮೇಲಿನ ಮೊದಲ ಚಿಂತೆ ಮಕ್ಕಳ ಶಾಲೆಯದು. ಪಾಠ ಹೇಗಿದೆ, ಪರೀಕ್ಷೆ ಹೇಗಿದೆ ಎಂದು ನಾವು ವಿಚಾರಿಸುತ್ತೇವೆ. ಮಗುವಿಗೆ ಅಲ್ಲಿ ಏನು ಆಸರೆಯಿದೆ ಎಂದು ಕೇಳುವುದು ಕಡಿಮೆ. ಆದರೆ ಇಲ್ಲಿನ ಬಡಮಕ್ಕಳ ಶಿಕ್ಷಣದ ಚರಿತ್ರೆ ಆರಂಭವಾದದ್ದು ಆ ಎರಡನೆಯ ಪ್ರಶ್ನೆಯಿಂದಲೇ.

ಐರ್ಲೆಂಡಿನಲ್ಲಿ ಕ್ಯಾಥೊಲಿಕರು ಶಾಲೆ ನಡೆಸಕೂಡದೆಂದು 1695ರ ಕಾನೂನು ವಿಧಿಸಿತ್ತು. ಬೇಲಿಯ ಮರೆಯಲ್ಲಿ, ಕೊಟ್ಟಿಗೆಗಳಲ್ಲಿ ಗುಟ್ಟಾಗಿ ಪಾಠ ನಡೆಯುತ್ತಿತ್ತು. 1782ರಲ್ಲಿ ನಿರ್ಬಂಧ ಸಡಿಲವಾಯಿತು. 1798ರಲ್ಲಿ ಕ್ವೇಕರ್ ಪಂಥದವರು ವಾಟರ್‌ಫರ್ಡಿನಲ್ಲಿ ನ್ಯೂಟೌನ್ ಶಾಲೆಯನ್ನು ಸ್ಥಾಪಿಸಿದರು. ಇಂದು ಹೊರದೇಶಗಳ ಮಕ್ಕಳೂ ಅಲ್ಲಿ ವಸತಿಯಿದ್ದು ಕಲಿಯುತ್ತಾರೆ. ಆದರೆ ಅಂದು ಅದು ಆ ಪಂಥದ ಮಕ್ಕಳಿಗಾಗಿ ಹುಟ್ಟಿದ ಶಾಲೆ. ಬಂದರಿನ ಬೀದಿಗಳಲ್ಲಿ ಅಲೆಯುತ್ತಿದ್ದ ಬಡ ಹುಡುಗರ ಗೋಳನ್ನು ಕೇಳುವವರು ವಿರಳ.

ಅವರ ಕಡೆಗೆ ನೋಡಿದವರು ಎಡ್ಮಂಡ್ ರೈಸ್. 1762ರಲ್ಲಿ ಕಿಲ್ಕೆನಿ ಪ್ರಾಂತದ ಕ್ಯಾಲನ್ ಬಳಿ ಜನಿಸಿದ ಇವರು 1779ರಲ್ಲಿ ಚಿಕ್ಕಪ್ಪನ ವ್ಯಾಪಾರಕ್ಕೆ ಸೇರಲು ಈ ಊರಿಗೆ ಬಂದು, ಹಡಗುಗಳಿಗೆ ಸಾಮಗ್ರಿ ಒದಗಿಸಿ ಶ್ರೀಮಂತರಾದರು. 1789ರಲ್ಲಿ ಪತ್ನಿ ತೀರಿಕೊಂಡರು; ಮಗಳು ಮೇರಿಗೆ ಇತರರ ಆರೈಕೆ ಅಗತ್ಯವಾಗಿತ್ತು. ಈ ನೋವುಂಡ ಮನುಷ್ಯ ವ್ಯಾಪಾರವನ್ನು ತೊರೆದು 1802ರಲ್ಲಿ ನ್ಯೂ ಸ್ಟ್ರೀಟಿನ ಒಂದು ಕುದುರೆಲಾಯದಲ್ಲಿ ಉಚಿತ ಶಾಲೆ ತೆರೆದರು. ಸಂಬಳಕ್ಕೆ ನೇಮಿಸಿದ ಸಹಾಯಕರು ಹುಡುಗರ ಗದ್ದಲವನ್ನು ತಾಳಲಾರದೆ ಬಿಟ್ಟುಹೋದರು. ರೈಸ್ ಬಿಡಲಿಲ್ಲ. 1804ರ ವೇಳೆಗೆ ಬ್ಯಾರಕ್ ಸ್ಟ್ರೀಟಿನಲ್ಲಿ ಮೌಂಟ್ ಸಯನ್ ಶಾಲೆ ಎದ್ದು ನಿಂತಿತು.

ಶಾಲೆಯ ಜೊತೆಗೇ ಅವರು ಕಟ್ಟಿಸಿದ್ದು ಬ್ರೆಡ್ ಬೇಯಿಸುವ ಮನೆಯನ್ನು ಮತ್ತು ದರ್ಜಿಗಳ ಕೋಣೆಯನ್ನು. ಹಸಿದು ಬಂದವನಿಗೆ ಆಹಾರ, ಹರಿದ ಬಟ್ಟೆಯವನಿಗೆ ಹೊಸ ಉಡುಪು, ಅನಂತರ ಅಕ್ಷರ. ಓದು, ಬರಹ, ಲೆಕ್ಕದೊಡನೆ ಬಂದರು ಪಟ್ಟಣದಲ್ಲಿ ಅನ್ನ ಕೊಡಬಲ್ಲ ಲೆಕ್ಕಪತ್ರದ ವಿದ್ಯೆಯನ್ನೂ ಕಲಿಸಿದರು. ಶಾಲೆಯ ಪುಸ್ತಕಗಳನ್ನು ಮಕ್ಕಳು ಮನೆಗೆ ಒಯ್ದು ತಂದೆತಾಯಿಯರಿಗೆ ಓದಿ ಹೇಳುವ ಪದ್ಧತಿಯೂ ಇತ್ತು. ಹೀಗೆ ಮಗುವಿಗೆ ನೀಡಿದ ಆಸರೆ ಇಡೀ ಮನೆಗೆ ತಲುಪಿತು.

ಇದು ನಮಗೆ ಅಪರಿಚಿತವಾದ ಮಾತಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ದಿನಕ್ಕೊಂದು ಮನೆಯಲ್ಲಿ ಉಂಡು ಓದುವ ವಾರಾನ್ನದ ಪದ್ಧತಿಯಿತ್ತು. ಅದಕ್ಕೆ ಜಾತಿಯ ಗೆರೆಯೂ ಇತ್ತು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿಯವರು ಆ ಗೆರೆಯನ್ನು ಅಳಿಸಿ, ಎಲ್ಲ ಜಾತಿಯ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ಒಟ್ಟಿಗೆ ನೀಡಿದರು. 2002ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಮೊದಲಾದ ಬಿಸಿಯೂಟದ ಹಿಂದಿರುವುದೂ ಇದೇ ಅರಿವು.

ಚರಿತ್ರೆಯ ಕಪ್ಪು ಪುಟವನ್ನು ಮರೆಮಾಚುವುದು ತರವಲ್ಲ. ರೈಸ್ ಸ್ವತಃ ಮಕ್ಕಳನ್ನು ದಂಡಿಸುವುದಕ್ಕೆ ಒಲವು ತೋರಿದವರಲ್ಲ. ಆದರೆ ಅವರು ಸ್ಥಾಪಿಸಿದ ಕ್ರಿಶ್ಚಿಯನ್ ಬ್ರದರ್ಸ್ ಸಂಘವೂ ಸೇರಿದಂತೆ ಹಲವು ಧಾರ್ಮಿಕ ಸಂಘಗಳು ನಡೆಸಿದ ವಸತಿಸಂಸ್ಥೆಗಳಲ್ಲಿ, 20ನೆಯ ಶತಮಾನದಲ್ಲಿ, ಮಕ್ಕಳು ಅನುಭವಿಸಿದ ಹೊಡೆತ ಹಾಗೂ ಲೈಂಗಿಕ ದೌರ್ಜನ್ಯವನ್ನು 2009ರ ರಯಾನ್ ವರದಿ ಬಯಲಿಗೆ ತಂದಿತು. ಅಂಥ ಸಂಸ್ಥೆಗಳಲ್ಲಿ ಊಟವಿತ್ತು, ಸೂರಿತ್ತು. ಮಗುವಿನ ಮಾತಿಗೆ ಕಿವಿಗೊಡುವವರು ಇರಲಿಲ್ಲ. ಐರ್ಲೆಂಡಿನ ಶಾಲೆಗಳಲ್ಲಿ ಹೊಡೆಯುವ ಶಿಕ್ಷೆ ನಿಷಿದ್ಧವಾದದ್ದು 1982ರಲ್ಲಿ.

ಅಂದು ಒಬ್ಬ ವ್ಯಾಪಾರಿಯ ಔದಾರ್ಯವಾಗಿದ್ದುದು ಕ್ರಮೇಣ ಮಕ್ಕಳ ಹಕ್ಕಾಗಿದೆ. 1967ರಲ್ಲಿ ಪ್ರೌಢಶಿಕ್ಷಣ ಉಚಿತವಾಯಿತು. 2023ರಲ್ಲಿ ಪ್ರಾಥಮಿಕ ಶಾಲೆಯ ಪುಸ್ತಕಗಳೂ ಉಚಿತವಾದವು. ಮನೆಮಾತು ಇಂಗ್ಲಿಷ್ ಅಲ್ಲದ ಮಕ್ಕಳಿಗೆ ಹೆಚ್ಚುವರಿ ಭಾಷಾಪಾಠವನ್ನೂ ಶಾಲೆಗಳು ನೀಡುತ್ತವೆ. ಆದರೆ ‘ದಡ್ಡ’ ಎಂಬ ಹಣೆಪಟ್ಟಿ ಬೀಳುವುದೆಂಬ ಅಂಜಿಕೆಯಿಂದ ನಮ್ಮಲ್ಲಿ ಕೆಲವರು ಅದನ್ನು ಬೇಡವೆನ್ನುತ್ತಾರೆ. ವೈದ್ಯವೃತ್ತಿಯಲ್ಲಿರುವ ನಾವು ಬಲ್ಲಂತೆ, ಶಾಲೆಯ ದಿನಗಳಂದು ಬೆಳಗಾದರೆ ಹೊಟ್ಟೆನೋವೆಂದು ಅಳುವ ಮಗು ರಜೆಯ ದಿನ ಆಡಿಕೊಂಡಿದ್ದರೆ, ಕಾಯಿಲೆಯಿಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಂಡ ಮೇಲೆ, ತರಗತಿಯಲ್ಲಿ ಅದಕ್ಕೆ ಏನು ಕಷ್ಟವೆಂದು ವಿಚಾರಿಸಬೇಕು. ಮಾತು ತಿಳಿಯದ ತರಗತಿಯಲ್ಲಿ ದಿನವಿಡೀ ಕುಳಿತಿರುವುದೂ ಒಂದು ಬಗೆಯ ಹಸಿವೇ.

ಮೌಂಟ್ ಸಯನ್ನಿನಲ್ಲಿ ಬ್ರೆಡ್ ಪಡೆದ ಹುಡುಗ ದಡ್ಡನಾಗಿರಲಿಲ್ಲ, ಹಸಿದಿದ್ದ. ಮುಂದಿನ ಸಲ ಶಿಕ್ಷಕರನ್ನು ಕಾಣಲು ಹೋದಾಗ ಅಂಕಗಳ ಜೊತೆಗೆ ನಮ್ಮ ಮಗುವಿಗೆ ಯಾವ ನೆರವು ದೊರೆಯಬಹುದೆಂದೂ ಕೇಳೋಣ. ಕೇಳಲು ಸಂಕೋಚವಾದರೆ ಜೊತೆಗೆ ಬರಲು ಸಂಘದ ಸ್ವಯಂಸೇವಕರು ನಾವಿದ್ದೇವೆ.