ಅಪಸ್ಥಾನ ಗರ್ಭಧಾರಣೆ

ಫಲಿತ ಅಂಡ ಗರ್ಭಕೋಶದ ಹೊರಗೆ, 90%ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಅಂಡನಾಳದಲ್ಲೇ, ನೆಲೆಯೂರುವ ಸ್ಥಿತಿ. ಎಕ್ಟೋಪಿಕ್ ಗರ್ಭ ಎಂದೂ ಹೆಸರು. ಹಿಂದಿನ ಸೋಂಕು, ನಾಳದ ಶಸ್ತ್ರಚಿಕಿತ್ಸೆ, ಧೂಮಪಾನ ಇದರ ಸಾಧ್ಯತೆ ಹೆಚ್ಚಿಸುತ್ತವೆ. ಎಷ್ಟೋ ಬಾರಿ ಕಾರಣವೇ ಸಿಗದು. ಮುಟ್ಟು ತಪ್ಪಿದ ಬಳಿಕ ಕಿಬ್ಬೊಟ್ಟೆಯ ಒಂದು ಬದಿ ನೋವು, ಅಲ್ಪ ರಕ್ತಸ್ರಾವ ಮೊದಲ ಸೂಚನೆಗಳು. ನಾಳ ಒಡೆದರೆ ರಕ್ತ ಹೊಟ್ಟೆಯೊಳಗೇ ಸುರಿಯುತ್ತದೆ. ಹೊರಗಿನ ಸ್ರಾವ ಕಡಿಮೆಯೆಂದು ಧೈರ್ಯ ತಾಳುವಂತಿಲ್ಲ. ಭುಜದ ತುದಿಯ ನೋವು, ತಲೆಸುತ್ತು ಕಂಡರೆ ತಕ್ಷಣ ಆಸ್ಪತ್ರೆ ಸೇರಬೇಕು. ಎಚ್‌ಸಿಜಿ ಎಂಬ ಗರ್ಭಧಾರಣೆಯ ಹಾರ್ಮೋನಿನ ರಕ್ತಪರೀಕ್ಷೆ ಮತ್ತು ಯೋನಿಮಾರ್ಗದ ಸ್ಕ್ಯಾನಿಂಗ್‌ನಿಂದ ಪತ್ತೆ. ಈ ಗರ್ಭವನ್ನು ಗರ್ಭಕೋಶಕ್ಕೆ ಸ್ಥಳಾಂತರಿಸಲಾಗದು. ಬೇಗ ತಿಳಿದರೆ ಮೆಥೊಟ್ರೆಕ್ಸೇಟ್ ಚುಚ್ಚುಮದ್ದು ಸಾಕಾಗಬಹುದು, ಇಲ್ಲವಾದರೆ ಲ್ಯಾಪರೊಸ್ಕೋಪಿ ಶಸ್ತ್ರಕ್ರಿಯೆ. ಒಡೆದ ನಾಳ ತೆಗೆದು ಜೀವ ಉಳಿಸುವ ಶಸ್ತ್ರಕ್ರಿಯೆಯನ್ನು 1883ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಶಸ್ತ್ರವೈದ್ಯ ಲಾಸನ್ ಟೇಟ್ ಸಾಧಿಸಿದ. ಉಳಿದ ನಾಳ ಆರೋಗ್ಯವಾಗಿದ್ದರೆ ಮುಂದೆ ಸಹಜವಾಗಿ ಬಸಿರಾಗಬಹುದು.